ಮೊದಲನೆಯ ಸಾಲಿನ ಕುರ್ಚಿ

ನಮಗೆ ಕಿವಿ ಮಂದ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ 2025ನೆಯ ಇಸವಿಯ ಜನವರಿ 21ರಂದು ನಾವು ನೆರೂಳದ ಡಿ. ವೈ. ಪಾಟೀಲ ಕ್ರೀಡಾಂಗಣಕ್ಕೆ ಹೋಗಿ, ಗ್ಯಾಲರಿಯ ಮೊಟ್ಟಮೊದಲನೆಯ ಸಾಲಿನಲ್ಲಿ ಕುಳಿತು, ಕೋಲ್ಡ್‌ಪ್ಲೇ ಎಂಬ ಇಂಗ್ಲಿಷ್ ವಾದ್ಯವೃಂದದ ಕಛೇರಿಯನ್ನು ‘ಕೇಳಿ’ ಬಂದೆವು ಎಂದರೆ, ನಮ್ಮನ್ನು ಬಲ್ಲ ವಿಕ್ರೋಳಿಯ ಮಿತ್ರರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಧಾರಾಳವಾಗಿ ನಗಲಿ. ಬಾಯಿಗೆ ಕೈ ಮಾತ್ರ ಅಡ್ಡ ಹಿಡಿಯಬಾರದೆಂದು ನಮ್ಮ ವಿನಂತಿ. ತುಟಿ ಕಾಣದಿದ್ದರೆ ನಮಗೆ ಮಾತು ತಿಳಿಯುವುದಿಲ್ಲ.

‘ನಾವು’ ಎಂದು ಬರೆಯುವುದು ದೊಡ್ಡಸ್ತಿಕೆಗಲ್ಲ. ಕಿವುಡು ಒಬ್ಬನ ರೋಗವಾದರೂ ಅನುಭವಿಸುವವರು ಮನೆಮಂದಿಯೆಲ್ಲ. ಕೇಳಿಸದವನು ಒಬ್ಬ, ಎರಡೆರಡು ಸಲ ಹೇಳುವವರು ನಾಲ್ವರು. ಆದ್ದರಿಂದ ಈ ಕಥೆಯಲ್ಲಿ ಏಕವಚನಕ್ಕೆ ಎಡೆಯೇ ಇಲ್ಲ.

ನಾವು 1972ರಲ್ಲಿ ಕುಂದಗೋಳದ ಕಡೆಯಿಂದ ಮುಂಬಯಿಗೆ ಬಂದವರು. ಬಂದ ವರ್ಷವೇ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಕೆಲಸ ಸಿಕ್ಕಿತು. ತಗಡಿನ ಹಾಳೆಯನ್ನು ಅಚ್ಚಿನ ಮೇಲೆ ಇಡುವುದು, ಪೆಡಲು ಒತ್ತುವುದು, ಮೇಲಿನಿಂದ ಯಂತ್ರ ‘ಧಡ್’ ಎಂದು ಬೀಳುವುದು. ಮತ್ತೆ ಹಾಳೆ, ಮತ್ತೆ ಧಡ್. ಇಂಥ ಯಂತ್ರಗಳು ಒಂದೇ ಸೂರಿನ ಕೆಳಗೆ ಇಪ್ಪತ್ತೆರಡು ಇದ್ದವು. ದಿನಕ್ಕೆ ಎಂಟು ತಾಸಿನ ಪಾಳಿ. ನಿವೃತ್ತರಾದದ್ದು 2009ರಲ್ಲಿ. ನಮ್ಮ ದೇಶದ ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ತಾಸು ಕೆಲಸ ಮಾಡುವವನ ಕಿವಿಗೆ 90 ಡೆಸಿಬೆಲ್ಲಿಗಿಂತ ಹೆಚ್ಚಿನ ಸದ್ದು ತಾಗಕೂಡದು. ಗದ್ದಲದಿಂದ ಕಿವಿ ಹೋಗುವುದನ್ನು ಕಾಯಿದೆಯು ಕಸುಬಿನ ರೋಗವೆಂದೇ ಎಣಿಸುತ್ತದೆ. ನಮಗೆ ಇದು ತಿಳಿದದ್ದು ನಿವೃತ್ತಿಯಾದ ಮೇಲೆ. ಕೆಲಸದ ದಿನಗಳಲ್ಲಿ ನಾವು ಕಿವಿಗೆ ಒಂದಿಷ್ಟು ಅರಳೆ ತುರುಕಿಕೊಳ್ಳುತ್ತಿದ್ದೆವು. ಅದೂ ಚಳಿಗಾಲದಲ್ಲಿ.

ಕಿವಿಯ ವೈದ್ಯರು ಚಿತ್ರ ಬರೆದು ವಿವರಿಸಿದರು. ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂಥ ಒಂದು ಸುರುಳಿಯಿದೆ. ಅದರಲ್ಲಿ ಸಾವಿರಾರು ಸೂಕ್ಷ್ಮ ಕೂದಲಿನ ಕಣಗಳಿವೆ. ಸದ್ದು ಬಂದಾಗ ಅವು ಗಾಳಿಗೆ ಜೋಳದ ಪೈರು ಬಾಗಿದಂತೆ ಬಾಗುತ್ತವೆ. ಬಿರುಗಾಳಿ ಹೆಚ್ಚಾದರೆ ಪೈರು ಮಲಗುತ್ತದೆ. ಹೊಲದಲ್ಲಾದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು; ಕಿವಿಯಲ್ಲಿ ಒಂದೇ ಬೆಳೆ. ಮೊದಲು ಹೋಗುವುದು ಎತ್ತರದ ಸ್ವರಗಳು: ಹಕ್ಕಿಯ ಕೂಗು, ಕುಕ್ಕರಿನ ಸೀಟಿ, ಹೆಂಗಸರ ಮಾತು, ಮಕ್ಕಳ ಮಾತು. ಅಕ್ಷರಗಳಲ್ಲಿ ಸ, ಶ, ತ, ಕ ಮೊದಲಾದ ವ್ಯಂಜನಗಳು ಉದುರಿಹೋಗಿ ಸ್ವರಗಳಷ್ಟೇ ಉಳಿಯುತ್ತವೆ. ಎಂದರೆ ಕಿವುಡನಿಗೆ ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಹೊರಗಿನವರಿಗೆ ಇದು ತಿಳಿಯದೆ, “ಬೇಕಾದಾಗ ಕೇಳಿಸ್ತದ, ಬ್ಯಾಡಾದಾಗ ಇಲ್ಲ” ಎಂಬ ಅಪವಾದ ಹೊರಿಸುತ್ತಾರೆ.

ಒಂದು ದಿನ ನಮ್ಮ ಮನೆಯಾಕೆ ಅಡಿಗೆಮನೆಯಿಂದ “ಸಾರು ಬೇಕೇನ್ರಿ?” ಎಂದಳು. ನಮಗೆ “ಯಾರು ಬೇಕೇನ್ರಿ?” ಎಂದು ಕೇಳಿಸಿತು. ಈ ವಯಸ್ಸಿನಲ್ಲಿ ಇದೆಂಥ ಪ್ರಶ್ನೆ ಎಂದು ತುಸು ಗಾಬರಿಯಾಗಿ, “ಯಾರೂ ಬ್ಯಾಡ” ಎಂದೆವು. ಅಂದು ಬರೀ ಅನ್ನ ಉಂಡು ಎದ್ದದ್ದಾಯಿತು.

ಇಂಥವು ನಗುವ ಸಂಗತಿಗಳು. ನಗಲಾರದ ಸಂಗತಿ ಒಂದಿತ್ತು. ನಮ್ಮ ಮೊಮ್ಮಗಳಿಗೆ ಆಗ ಹದಿನಾರು ವರ್ಷ. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದವಳೇ ಚೀಲ ಎಸೆದು ನಮ್ಮ ತೊಡೆಯೇರಿ ದಿನದ ವರದಿಯನ್ನೆಲ್ಲ ಒಪ್ಪಿಸುತ್ತಿದ್ದವಳು. ವರುಷ ಕಳೆದಂತೆ ಅವಳ ಮಾತಿಗೆ ನಾವು “ಆಂ?” ಎನ್ನತೊಡಗಿದೆವು. ಅವಳು ಇನ್ನೊಮ್ಮೆ ಹೇಳುವಳು. ನಾವು ಮತ್ತೆ “ಆಂ?” ಎನ್ನುವೆವು. ಮೂರನೆಯ ಸಲ ಅವಳು “ಏನಿಲ್ಲ ಬಿಡ್ರಿ ಅಜ್ಜಾ” ಎಂದು ಎದ್ದುಹೋಗುವಳು. ಕಿವುಡರಾದ ಮೇಲೆ ನಾವು ಅತ್ಯಂತ ಸ್ಪಷ್ಟವಾಗಿ ಕೇಳಿದ ವಾಕ್ಯವೆಂದರೆ ಇದೇ: ಏನಿಲ್ಲ ಬಿಡ್ರಿ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಕ್ಕೆ ನಾವು ಕಂಡುಕೊಂಡ ಉಪಾಯ ಇನ್ನೂ ಕೆಟ್ಟದು. ಕೇಳಿಸದಿದ್ದರೂ ಕೇಳಿಸಿದವರಂತೆ ನಟಿಸುವುದನ್ನು ಕಲಿತೆವು. ಎದುರಿನವರು ನಕ್ಕರೆ ನಗುವುದು, ಮುಖ ಸಣ್ಣದು ಮಾಡಿದರೆ “ಛೇ ಛೇ” ಎನ್ನುವುದು, ಮಿಕ್ಕ ಎಲ್ಲಕ್ಕೂ ತಲೆಯಾಡಿಸಿ “ಭಾಳ ಚಲೋ ಆತು” ಎನ್ನುವುದು. ಮಗ ಹಣ ಕೊಟ್ಟು ಕಿವಿಯ ಯಂತ್ರ ತಂದುಕೊಟ್ಟಿದ್ದ. ಅದನ್ನು ಕಪಾಟಿನಲ್ಲಿ, ಮನೆಯಾಕೆಯ ಬಳೆಗಳ ಡಬ್ಬಿಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಕಣ್ಣಿಗೆ ಕನ್ನಡಕ ಹಾಕಿದವನು ವಿದ್ವಾಂಸನಂತೆ ಕಾಣುತ್ತಾನೆ, ಕಿವಿಗೆ ಯಂತ್ರ ಹಾಕಿದವನು ಮುದುಕನಂತೆ ಕಾಣುತ್ತಾನೆ ಎಂಬುದು ನಮ್ಮ ಅಂದಿನ ತತ್ತ್ವಜ್ಞಾನ.

ಇನ್ನು ಮೊದಲನೆಯ ಸಾಲಿನ ವಿಚಾರ. ನಮ್ಮ ಆಯುಷ್ಯದಲ್ಲಿ ನಾವು ಮೊದಲನೆಯ ಸಾಲಿನಲ್ಲಿ ಕೂತದ್ದು ಎರಡೇ ಸಲ. ಒಂದು, ಒಂಬತ್ತು ವರ್ಷದವರಿದ್ದಾಗ, ಕುಂದಗೋಳದ ನಾಡಿಗೇರ ವಾಡೆಯಲ್ಲಿ. ಕುಂದಗೋಳವೆಂದರೆ ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಊರು. ಗದುಗಿನ ಭೀಮಸೇನ ಜೋಶಿಯವರು ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗಿ ಕಲಿತರು. ವಾಡೆಯಲ್ಲಿ ಗಾಯನವಿದ್ದ ರಾತ್ರಿ ಹಿರಿಯರು ಜಮಖಾನೆಯ ಮೇಲೆ ಹಿಂದೆ ಕೂತರೆ, ಹುಡುಗರಾದ ನಮ್ಮನ್ನು ಗದ್ದಲ ಮಾಡದಂತೆ ಕಣ್ಣೆದುರಿಗಿರಲಿ ಎಂದು ಎಲ್ಲರಿಗಿಂತ ಮುಂದೆ ಕೂಡಿಸಿದರು. ಟಿಕೀಟಿಲ್ಲ, ಪಾಸಿಲ್ಲ. ಗಂಗೂಬಾಯಿಯವರು ನಮ್ಮಿಂದ ನಾಲ್ಕು ಮೊಳ ದೂರದಲ್ಲಿ ಕೂತು ತಂಬೂರಿಗೆ ಶ್ರುತಿ ಸೇರಿಸುತ್ತಿದ್ದರು. ಹಾಡಿನಲ್ಲಿ ನಮಗೇನು ತಿಳಿಯಿತೋ ನೆನಪಿಲ್ಲ. ನೆನಪಿರುವುದಿಷ್ಟೆ: ಅವರು ಕೂತ ಹಲಗೆಯ ಅಂಚಿಗೆ ಕೆನ್ನೆ ಹಚ್ಚಿ ನಾವು ನಿದ್ದೆ ಹೋದೆವು; ನಿದ್ದೆಯಲ್ಲಿ ತಂಬೂರಿ ಹಲಗೆಯೊಳಗಿಂದ ಬಂದು ಹಲ್ಲಿನವರೆಗೂ ಗುಂಯ್‌ಗುಡುತ್ತಿತ್ತು.

ಮುಂಬಯಿಗೆ ಬಂದ ಮೇಲೆ ನಮ್ಮದೆಂದಿಗೂ ಹಿಂದಿನ ಸಾಲೇ. ಕಿಂಗ್ಸ್ ಸರ್ಕಲ್ಲಿನ ಷಣ್ಮುಖಾನಂದ ಸಭಾಗೃಹದ ಮೇಲಿನ ಬಾಲ್ಕನಿಯಲ್ಲಿ ಕೂತು ಭೀಮಸೇನರನ್ನು ಕೇಳಿದೆವು. ಅಷ್ಟು ಮೇಲಿನಿಂದ ಅವರು ಹೆಬ್ಬೆರಳಿನ ಗಾತ್ರ ಕಾಣುತ್ತಿದ್ದರು. ಆದರೆ ಅವರ ಕೈಗಳು ಕಾಣುತ್ತಿದ್ದವು. ತಾನು ಎಲ್ಲಿಂದೆದ್ದು ಎಲ್ಲಿ ತಿರುಗಿ ಎಲ್ಲಿ ಇಳಿಯಿತೆಂಬುದನ್ನು ಆ ಕೈಗಳು ಗಾಳಿಯಲ್ಲಿ ಬರೆದು ತೋರಿಸುತ್ತಿದ್ದವು. ಕಿವಿ ಗಟ್ಟಿಯಿದ್ದ ದಿನಗಳಲ್ಲಿ ಅದು ವಿನೋದವೆನಿಸಿತ್ತು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿಯೂ ಹಾಗೆಯೇ. ಮೊದಲ ಸಾಲಿಗೆ ಸೋಫಾ, ಸೋಫಾಕ್ಕೆ ಬಿಳಿಯ ಹೊದಿಕೆ, ಮುಂದೆ ನೀರಿನ ಬಾಟಲಿ. ಅದು ಅತಿಥಿಗಳಿಗೆ. ಅತಿಥಿಗಳು ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು, ಎರಡು ಮಾತಾಡಿ, “ಇನ್ನೊಂದು ಕಾರ್ಯಕ್ರಮವಿದೆ” ಎಂದು ಹೊರಡುತ್ತಾರೆ. ನಾಟಕ ಶುರುವಾಗುವ ಹೊತ್ತಿಗೆ ಮೊದಲ ಸಾಲು ಬರಿದು. ನಟರು ಖಾಲಿ ಸೋಫಾಗಳಿಗೆ ಅಭಿನಯಿಸುತ್ತಾರೆ. ನಾವು ಹದಿನೇಳನೆಯ ಸಾಲಿನಲ್ಲಿ ಕೂತು, ಜನ ನಕ್ಕಾಗ ನಗುತ್ತೇವೆ. ಇದು ದೂರಲ್ಲ. ಸೋಫಾ ಹೊತ್ತು ಹಾಕಿದವರಲ್ಲಿ ನಾವೂ ಇದ್ದೇವೆ. ಆದರೆ ಕೊನೆಕೊನೆಗೆ ನಾವು ಬರುವುದನ್ನೇ ಬಿಟ್ಟೆವು. ಕಾರ್ಯದರ್ಶಿಗಳು ಕೇಳಿದಾಗ ಮೊಣಕಾಲಿನ ನೆಪ ಹೇಳಿದೆವು. ಪಾಪ, ಮೊಣಕಾಲು ಚೆನ್ನಾಗಿಯೇ ಇತ್ತು.

ಹೀಗಿರುವಾಗ 2024ರ ಸೆಪ್ಟೆಂಬರ್ 22, ಭಾನುವಾರ, ನಮ್ಮ ಕನ್ನಮವಾರ ನಗರದ ಎರಡು ಕೋಣೆಯ ಮನೆಯಲ್ಲಿ ಭಾರಿ ಸಿದ್ಧತೆ ನಡೆಯಿತು. ಮಗ, ಸೊಸೆ, ಮೊಮ್ಮಗಳು ಮೂವರೂ ಮಧ್ಯಾಹ್ನ ಹನ್ನೆರಡಕ್ಕೆ ತಮ್ಮ ತಮ್ಮ ಫೋನು, ಲ್ಯಾಪ್‌ಟಾಪು ಹಿಡಿದು ಪೂಜೆಗೆ ಕೂತವರಂತೆ ಕೂತರು. ಟಿಕೀಟು ಮಾರಾಟವಂತೆ. ಸರದಿಯಲ್ಲಿ ಲಕ್ಷಗಟ್ಟಲೆ ಜನ. ಮೊದಲು ಜನವರಿ 18 ಮತ್ತು 19 ಎಂದಿದ್ದುದಕ್ಕೆ ಜನರ ಒತ್ತಡ ನೋಡಿ 21 ಎಂಬ ಮೂರನೆಯ ದಿನವನ್ನೂ ಸೇರಿಸಿದರು. ಆ ಮೂರನೆಯ ದಿನದ ಎರಡು ಟಿಕೀಟು ಮಗನಿಗೆ ದೊರೆತವು; ಅವನಿಗೊಂದು, ಮಗಳಿಗೊಂದು. ದರ 2,500 ರೂಪಾಯಿಯಿಂದ ಮೇಲಕ್ಕೆ ಎಂದು ಪತ್ರಿಕೆಯಲ್ಲಿ ಓದಿದೆವು. ನಮ್ಮ ಟಿಕೀಟು ಎಷ್ಟು ಮೇಲೆ ಎಂಬುದನ್ನು ಮಗ ಹೇಳಲಿಲ್ಲ. ಕೇಳಿಸದಿರುವುದರ ಲಾಭಗಳಲ್ಲಿ ಅದೂ ಒಂದು.

ಜನವರಿಯಲ್ಲಿ ಮಗನಿಗೆ ಕೆಲಸದ ಮೇಲೆ ಪರಊರಿಗೆ ಹೋಗಬೇಕಾಯಿತು. ಮಂಗಳವಾರವಾದ್ದರಿಂದ ಸೊಸೆಗೂ ರಜೆಯಿಲ್ಲ. ಟಿಕೀಟನ್ನು ಗೆಳತಿಗೆ ಕೊಡು ಎಂದು ಮಗ ಮಗಳಿಗೆ ಹೇಳಿದ. ಅವಳು ಏನೋ ಹೇಳಿದಳು. ಎಲ್ಲರೂ ನಮ್ಮ ಕಡೆ ತಿರುಗಿದರು. ನಾವು ವಾಡಿಕೆಯಂತೆ “ಭಾಳ ಚಲೋ ಆತು” ಎಂದೆವು. ಅಷ್ಟಕ್ಕೇ ಒಪ್ಪಂದವಾಗಿಹೋಯಿತು! ಅವಳು ಹೇಳಿದ್ದು, “ಅಜ್ಜನ್ನ ಕರಕೊಂಡು ಹೋಗ್ತೀನಿ” ಎಂದು. ಮನೆಯಾಕೆ ಮಾತ್ರ, “ಕೋಣನ ಮುಂದ ಕಿನ್ನರಿ ಬಾರಿಸಿಧಂಗ” ಎಂದಳು. ಆ ಮಾತು ಹೇಗೋ ಚೆನ್ನಾಗಿ ಕೇಳಿಸಿತು.

ನಾವು ವೈದ್ಯರನ್ನು ಕೇಳಿಯೇ ಹೊರಟೆವು. ಹೋದದ್ದು ಹೋಯಿತು, ಉಳಿದದ್ದನ್ನು ಕಾಯ್ದುಕೊಳ್ಳಿ ಎಂದರು ಅವರು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಂಗೀತದ ಸಭಾಸ್ಥಳಗಳಿಗೆಂದು ಒಂದು ಮಾನವನ್ನು ಹೊರಡಿಸಿದೆ. ಅದರಂತೆ ಸದ್ದು ಹದಿನೈದು ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್ ಮೀರಬಾರದು. ಡೆಸಿಬೆಲ್ಲಿನ ಲೆಕ್ಕ ವಿಚಿತ್ರ: ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಆದ್ದರಿಂದ 100 ಎಂಬುದು 90ರ ಪಕ್ಕದ ಮನೆಯಲ್ಲ, ಬೇರೆಯೇ ಊರು. ನಮಗೆ ದೊಡ್ಡ ಕಿವಿಮುಚ್ಚಳ, ಮೊಮ್ಮಗಳಿಗೆ ಕಿವಿಯೊಳಗಿಡುವ ಮೆತ್ತನೆಯ ಬಿರಡೆ ಎಂದು ತೀರ್ಮಾನವಾಯಿತು. ವೃಂದದ ಗಾಯಕ ಕ್ರಿಸ್ ಮಾರ್ಟಿನ್ನರಿಗೂ ಹಿಂದೆಯೇ ಕಿವಿಯಲ್ಲಿ ಸದಾ ಗುಂಯ್‌ಗುಡುವ ಬೇನೆ ಅಂಟಿಕೊಂಡಿದೆಯೆಂದೂ, ಎಳೆಯರು ಕಿವಿ ಕಾಪಾಡಿಕೊಳ್ಳಬೇಕೆಂದು ಅವರೇ ಹೇಳಿದ್ದಾರೆಂದೂ ಮೊಮ್ಮಗಳು ಚೀಟಿಯಲ್ಲಿ ಬರೆದು ತೋರಿಸಿದಳು. ಹಾಡುವವನಿಗೂ ನಮ್ಮ ಜಾತಿಯ ರೋಗವೆಂದು ತಿಳಿದು ತುಸು ಧೈರ್ಯ ಬಂದಿತು.

ವಿಕ್ರೋಳಿಯಿಂದ ಠಾಣೆಗೆ ಲೋಕಲ್, ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ನೆರೂಳ. ಐರೋಲಿ, ರಬಾಳೆ, ಘಣಸೋಲಿ ದಾಟುವಷ್ಟರಲ್ಲಿ ಡಬ್ಬಿಯ ತುಂಬ ಎಳೆಯರು. ನಮ್ಮ ತಲೆಯೊಂದೇ ಬಿಳಿಯದು. ಮನೆಯಾಕೆ ಕಟ್ಟಿಕೊಟ್ಟ ರೊಟ್ಟಿ ಶೇಂಗಾ ಚಟ್ನಿಯನ್ನು ಒಳಗೆ ಒಯ್ಯಲಾಗದೆಂದು ತಿಳಿದು, ಹೊರಗೇ ಒಂದು ಗೋಡೆಯ ನೆರಳಿನಲ್ಲಿ ಕೂತು ಇಬ್ಬರೂ ತಿಂದು ಮುಗಿಸಿದೆವು. ಬಾಗಿಲಲ್ಲಿ ಎಲ್ಲರ ಮಣಿಕಟ್ಟಿಗೂ ಒಂದೊಂದು ಪಟ್ಟಿ ಕೊಟ್ಟರು. ಸಸ್ಯಮೂಲದ ವಸ್ತುವಿನಿಂದ ಮಾಡಿದ್ದು. ಒಳಗೆ ಸಣ್ಣ ದೀಪ. ಹೋಗುವಾಗ ಹಿಂದಿರುಗಿಸಬೇಕು.

ಈ ಮೈದಾನ ಕ್ರಿಕೆಟ್ಟಿಗೆಂದು ಕಟ್ಟಿದ್ದು. 2008ರಲ್ಲಿ ಐ.ಪಿ.ಎಲ್.ನ ಮೊದಲನೆಯ ಅಂತಿಮ ಪಂದ್ಯ ನಡೆದದ್ದು ಇಲ್ಲಿಯೇ; 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಗೆದ್ದದ್ದೂ ಇಲ್ಲಿಯೇ. ಬೇಗ ಹೊರಟದ್ದರಿಂದ ನಮಗೆ ಗ್ಯಾಲರಿಯಲ್ಲಿ, ವೇದಿಕೆಗೆ ಹತ್ತಿರದ ಮಗ್ಗುಲಲ್ಲಿ ಮೊದಲನೆಯ ಸಾಲು ಸಿಕ್ಕಿತು. ನಮ್ಮ ಮುಂದೆ ಒಂದು ಕಬ್ಬಿಣದ ಕಂಬಿ. ಕಂಬಿಯಾಚೆ, ಕೆಳಗೆ, ನಿಂತ ಜನಸಮುದ್ರ. ಹಿಂದೆ ತಿರುಗಿ ನೋಡಿದರೆ ಆಕಾಶದವರೆಗೂ ತಲೆಗಳು. ಅರವತ್ತೈದು ವರ್ಷಗಳ ಬಳಿಕ ನಮ್ಮ ಮುಂದೆ ಯಾರೂ ಇರಲಿಲ್ಲ.

ಸಂಜೆಗತ್ತಲಾಗಿ ಕಛೇರಿ ಶುರುವಾಯಿತು. ಶುರುವಾದದ್ದು ನಮಗೆ ಗೊತ್ತಾದದ್ದು ಕಿವಿಯಿಂದಲ್ಲ. ಕಂಬಿಯ ಮೇಲೆ ಕೈಯಿಟ್ಟಿದ್ದೆವು, ಕಂಬಿ ಮಿಡಿಯಿತು. ಆಮೇಲೆ ಅಂಗಾಲಿನ ಕೆಳಗಿನ ಸಿಮೆಂಟು, ಆಮೇಲೆ ಎದೆಗೂಡು. ದೊಡ್ಡ ಡೋಲಿನ ಪೆಟ್ಟು ಪಕ್ಕೆಲುಬಿಗೆ ಬಂದು ಬಡಿಯುವುದು. ಬಾಸ್ ಗಿಟಾರಿನ ಸ್ವರ ಕಂಬಿಯ ಉದ್ದಕ್ಕೂ ಹರಿದು ಮೊಣಕೈಗೆ ಏರುವುದು. ಮಣಿಕಟ್ಟಿನ ಪಟ್ಟಿ ಅದೇ ಗತಿಗೆ ಕೆಂಪು, ನೀಲಿ, ಹಸಿರಾಗುವುದು. ಅದೇ ಕ್ಷಣದಲ್ಲಿ ಹತ್ತಾರು ಸಾವಿರ ಕೈಗಳಲ್ಲಿ ಅದೇ ಬಣ್ಣ. ಕಿವಿಯ ಮೇಲೆ ಮುಚ್ಚಳವಿದ್ದರೂ ತಾಳ ತಪ್ಪಲು ಸಾಧ್ಯವೇ ಇರಲಿಲ್ಲ. ಸ್ಕಾಟ್ಲೆಂಡಿನ ಈವಲಿನ್ ಗ್ಲೆನ್ನಿ ಎಂಬ ಪ್ರಸಿದ್ಧ ತಾಳವಾದ್ಯಗಾರ್ತಿಗೆ ಕಿವಿ ಕೇಳದು. ವೇದಿಕೆಯ ಮೇಲೆ ಬರಿಗಾಲಿನಲ್ಲಿ ನಿಂತು ನೆಲದಿಂದ ಸ್ವರವನ್ನು ತಿಳಿಯುತ್ತಾಳೆ ಎಂದು ಹಿಂದೊಮ್ಮೆ ಓದಿ ನಂಬದೆ ಬಿಟ್ಟಿದ್ದೆವು. ನಾವೂ ಮೆಲ್ಲಗೆ ಚಪ್ಪಲಿ ಕಳಚಿದೆವು. ನಾಡಿಗೇರ ವಾಡೆಯ ಹಲಗೆ ನೆನಪಾಯಿತು. ಸಂಗೀತ ನಮ್ಮನ್ನು ಬಿಟ್ಟುಹೋಗಿದೆ ಎಂದು ಮೂರು ವರ್ಷದಿಂದ ದುಃಖಪಟ್ಟಿದ್ದೆವು. ಅದು ಮುಂಬಾಗಿಲು ಮುಚ್ಚಿದೆಯೆಂದು ಹಿತ್ತಲ ಬಾಗಿಲಲ್ಲಿ ಕಾದುನಿಂತಿತ್ತು.

ಸಂಗೀತದ ಮಾತು ಅಷ್ಟಿರಲಿ. ಅಂದು ನಾವು ಕಂಡ ಸೋಜಿಗ ಬೇರೆ. ಆ ಗದ್ದಲದಲ್ಲಿ ಎಲ್ಲರೂ ಕಿವುಡರು! ಪಕ್ಕದ ಹುಡುಗ ಗೆಳೆಯನ ಕಿವಿಯಲ್ಲಿ ಕೂಗುತ್ತಾನೆ, ಅವನು “ಆಂ?” ಎನ್ನುತ್ತಾನೆ, ಮತ್ತೆ ಕೂಗುತ್ತಾನೆ, ಮತ್ತೆ “ಆಂ?” ಆ “ಆಂ?” ಎಂಬ ತುಟಿಯ ಆಕಾರವನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ಮೊಮ್ಮಗಳೂ ಬಿರಡೆ ಹಾಕಿದ ಕಿವಿಯನ್ನು ಅತ್ತಿತ್ತ ತಿರುಗಿಸುತ್ತ ನಮಗೆ ಏನೋ ಕೂಗಿ ಹೇಳಲು ಹೆಣಗುತ್ತಿದ್ದಳು. ಆಗ ನಾವು ಪ್ರೆಸ್ ಶಾಪಿನ ವಿದ್ಯೆ ಹೊರತೆಗೆದೆವು.

ಅಲ್ಲಿ ನಮ್ಮ ಜೊತೆ ಮರಾಠಿಯವರು, ತಮಿಳರು, ಮಲಯಾಳಿಗಳು, ಉತ್ತರ ಪ್ರದೇಶದವರು ಇದ್ದರು. ಯಂತ್ರ ನಡೆಯುವಾಗ ಯಾವ ಭಾಷೆಯೂ ನಡೆಯುತ್ತಿರಲಿಲ್ಲ. ಆದ್ದರಿಂದ ನಮಗೆಲ್ಲ ಒಂದು ಕೈಭಾಷೆ ಬೆಳೆದಿತ್ತು. ಹೆಬ್ಬೆರಳು ತುಟಿಗೆ ತಂದರೆ ಚಹಾ. ಎರಡು ಬೆರಳು ಕೊರಳಪಟ್ಟಿಗೆ ಮುಟ್ಟಿಸಿದರೆ ಫೋರ್ಮನ್ ಬಂದ. ಮುಷ್ಟಿ ಎದೆಗೆ ಒತ್ತಿದರೆ ಊರಿನಿಂದ ಕಾಗದ ಬಂದಿದೆ. ಮಾತೇ ಆಡಬೇಕಾದರೆ ಕೂಗಕೂಡದು. ಕೂಗಿದರೆ ತುಟಿ ವಕ್ರವಾಗುತ್ತದೆ. ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಆಡಬೇಕು. ನಾವು ಮೊಮ್ಮಗಳ ಗಲ್ಲ ಹಿಡಿದು ನಮ್ಮೆಡೆ ತಿರುಗಿಸಿ ತೋರಿಸಿಕೊಟ್ಟೆವು. ಹತ್ತು ನಿಮಿಷದಲ್ಲಿ ಕಲಿತಳು. ಪಕ್ಕದ ಹುಡುಗರೂ ಕಲಿತರು. ಹೆಬ್ಬೆರಳು ತುಟಿಗೆ ತಂದು ನೀರು ಕೇಳಿದರು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಆ ಕ್ರೀಡಾಂಗಣದ ನಮ್ಮ ಮೂಲೆಯಲ್ಲಿ, ಕಿವಿ ಸರಿಯಿದ್ದವರಿಗೆಲ್ಲ ನಾವು ಗುರುಗಳಾದೆವು.

‘ಯೆಲ್ಲೋ’ ಎಂಬುದು 2000ದಲ್ಲಿ ಬಂದು ಈ ವೃಂದಕ್ಕೆ ಹೆಸರು ತಂದ ಹಾಡು. ಅದು ಬಂದಾಗ ಎಲ್ಲರ ಮಣಿಕಟ್ಟುಗಳೂ ಒಮ್ಮೆಗೇ ಅರಿಸಿಣ ಬಣ್ಣಕ್ಕೆ ತಿರುಗಿದವು. ಸುಗ್ಗಿಗೆ ಮುಂಚೆ ಕುಸುಬಿಯ ಹೊಲ ಹೂಬಿಟ್ಟಂತೆ ಇಡೀ ಮೈದಾನ. ಮೊಮ್ಮಗಳು ನಮ್ಮೆದುರು ಬಂದು, ಕಲಿಸಿದಂತೆಯೇ ನಿಧಾನವಾಗಿ ತುಟಿಯಾಡಿಸಿ ಒಂದು ಮಾತು ಹೇಳಿದಳು. ನಮಗೆ “ಅಳತೀ?” ಎಂದು ಕಂಡಿತು. ಮೊಮ್ಮಗಳು ನಮಗೆ ಏಕವಚನ ಹಚ್ಚಿದಳಲ್ಲ ಎಂದು ಅಚ್ಚರಿಪಡುತ್ತಲೇ, “ಇಲ್ಲವಾ, ಅಳೂದಿಲ್ಲ” ಎಂದು ಕಣ್ಣೊರೆಸಿಕೊಂಡೆವು. ಅವಳು ತಬ್ಬಿಬ್ಬಾಗಿ ತನ್ನ ಮಣಿಕಟ್ಟು ತೋರಿಸಿದಳು. ಅವಳು ಹೇಳಿದ್ದು “ಹಳದಿ” ಎಂದು! ತುಟಿಯ ಮೇಲೆ ಎರಡೂ ಮಾತು ಒಂದೇ. ಅವಳು ನಕ್ಕು, ಆಮೇಲೆ ನಮ್ಮ ಮುಖ ನೋಡಿ ನಗು ನಿಲ್ಲಿಸಿದಳು. ನಮ್ಮ ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು.

ಇನ್ನೊಂದು ಹಾಡು ಬಂದಿತು. ಈ ವೃಂದವು ತನ್ನ ಪ್ರವಾಸದ ಹಲವು ಊರುಗಳಲ್ಲಿ ಕಿವಿ ಕೇಳದವರಿಗಾಗಿ ಸಂಜ್ಞಾಭಾಷೆಯವರನ್ನು ನಿಲ್ಲಿಸಿದೆ. ತಾಳಕ್ಕೆ ಕಂಪಿಸುವ ಅಂಗಿಗಳನ್ನು ಕೊಟ್ಟಿದೆ. ಒಂದು ಹಾಡನ್ನಂತೂ ಗಾಯಕರು ಬಾಯಿಂದ ಹಾಡುತ್ತಲೇ ಕೈಯಿಂದ ಸಂಜ್ಞೆ ಮಾಡಿ ತೋರಿಸುತ್ತ ಬಂದಿದ್ದಾರೆ. ಇದನ್ನೆಲ್ಲ ಮೊಮ್ಮಗಳು ತಿಂಗಳುಗಟ್ಟಲೆ ಫೋನಿನಲ್ಲಿ ನೋಡಿದ್ದಳಂತೆ. ಆ ಹಾಡಿನ ಸಂಜ್ಞೆಗಳನ್ನು ಕನ್ನಡಿಯ ಮುಂದೆ ನಿಂತು ಕಲಿತಿದ್ದಳಂತೆ. ನಮಗೆ ಅದೊಂದೂ ಗೊತ್ತಿಲ್ಲ. ಅವಳು ಕಂಬಿಗೆ ಬೆನ್ನು ಕೊಟ್ಟು, ವೇದಿಕೆಗೆ ಬೆನ್ನು ಮಾಡಿ, ನಮ್ಮೆದುರು ನಿಂತು ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೈಗಳಲ್ಲಿ ಹಾಡಿದಳು. ನಾಲ್ಕು ತಿಂಗಳು ಅವಳು ಯಾವ ವೇದಿಕೆಗಾಗಿ ದಿನ ಎಣಿಸಿದ್ದಳೋ ಅದು ಅವಳ ಹಿಂದೆ ಪಟಾಕಿ, ಬೆಳಕು, ಬಣ್ಣದ ಕಾಗದಗಳಿಂದ ಉರಿಯುತ್ತಿತ್ತು. ಅವಳು ಒಮ್ಮೆಯೂ ತಿರುಗಲಿಲ್ಲ. ಬೇಡದೆ ಉಳಿದ ಟಿಕೀಟಿಗೆ ನಮ್ಮನ್ನು ಕರೆತಂದಿದ್ದಾಳೆಂದು ತಿಳಿದಿದ್ದೆವು. ಅವಳಿಗೆ ನಾವೇ ಬೇಕಾಗಿದ್ದೆವು.

ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬುದು 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮ. ಅದಕ್ಕೆ ಮೊದಲೇ ಎಲ್ಲ ಮುಗಿಯಿತು. ಪಟ್ಟಿಗಳನ್ನು ಡಬ್ಬಿಗೆ ಹಾಕಿ, ಜನರ ನೂಕಿನಲ್ಲಿ ನಿಲ್ದಾಣ ಮುಟ್ಟಿ, ಎರಡು ಗಾಡಿ ಬಿಟ್ಟು ಮೂರನೆಯದರಲ್ಲಿ ಕಿಟಕಿಯ ಬಳಿ ಎದುರುಬದುರು ಸೀಟು ಹಿಡಿದೆವು. ಗಾಡಿ ತುರ್ಭೆ ದಾಟಿದ ಮೇಲೆ ಮೊಮ್ಮಗಳು ಮುಂದೆ ಬಾಗಿ, ತುಟಿ ಬಿಡಿಸಿ ಬಿಡಿಸಿ ಹೇಳತೊಡಗಿದಳು. ಕೋಚಿಂಗ್ ಕ್ಲಾಸಿನಲ್ಲಿ ತನಗೆ ಏನೂ ತಲೆಗೆ ಹತ್ತುತ್ತಿಲ್ಲ. ಬೆಳಿಗ್ಗೆ ಎದ್ದರೆ ಹೊಟ್ಟೆಯಲ್ಲಿ ನಡುಕ. ಇಂಜಿನಿಯರಿಂಗ್ ತನ್ನಿಂದಾಗದು. ಅಪ್ಪ ಫೀಸು ತುಂಬಿದ್ದಾನೆ, ಅವನಿಗೆ ಹೇಳಲು ಬಾಯಿ ಬರುತ್ತಿಲ್ಲ.

“ಮದಲs ನನಗ ಯಾಕ ಹೇಳಲಿಲ್ಲ?” ಎಂದೆವು.

“ಹೇಳಿದ್ದೆ ಅಜ್ಜಾ. ದೀಪಾವಳಿ ದಿನ. ಅಪ್ಪಗ ನೀವs ಹೇಳ್ರಿ ಅಂದೆ. ನೀವು ನಕ್ಕೋತ ‘ಭಾಳ ಚಲೋ ಆತು’ ಅಂದ್ರಿ.”

ಗಾಡಿ ಕೋಪರಖೈರಣೆಯಲ್ಲಿ ನಿಂತಿತು, ಹೊರಟಿತು. ನಮಗೆ ಮಾತು ಹೊರಡಲಿಲ್ಲ. ಆ ದೀಪಾವಳಿಯ ಸಂಜೆ ನೆನಪಿತ್ತು. ಅವಳು ಹಣತೆಗೆ ಎಣ್ಣೆ ಹಾಕುತ್ತ ಏನೋ ಹೇಳಿದ್ದಳು. ತಲೆ ತಗ್ಗಿಸಿದ್ದರಿಂದ ತುಟಿ ಕಂಡಿರಲಿಲ್ಲ. ಹಬ್ಬದ ಮಾತಿರಬೇಕೆಂದು ನಕ್ಕಿದ್ದೆವು. ಯಂತ್ರ ಕಪಾಟಿನಲ್ಲಿ ಬಳೆಗಳ ಪಕ್ಕದಲ್ಲಿತ್ತು. ಕಿವುಡು ಕಾರ್ಖಾನೆ ಕೊಟ್ಟದ್ದು, ನಿಜ. ಆದರೆ ಆ ‘ಭಾಳ ಚಲೋ ಆತು’ ನಮ್ಮದೇ ಸ್ವಂತ ಉತ್ಪನ್ನ. ನಮ್ಮ ನಟನೆಗೆ ಆ ಮಗು ಮೂರು ತಿಂಗಳು ಒಂಟಿಯಾಗಿ ದಂಡ ತೆತ್ತಿತ್ತು.

ಮರುದಿನ ಬೆಳಿಗ್ಗೆ ಯಂತ್ರ ಹೊರಬಂದಿತು. ಮೊದಲ ವಾರ ಅದೊಂದು ಹಿಂಸೆ. ಪಾತ್ರೆಯ ಸದ್ದು ಸಿಡಿಲಿನಂತೆ, ಪತ್ರಿಕೆ ಮಡಿಸಿದರೆ ಕಾಡಿಗೆ ಬೆಂಕಿ ಬಿದ್ದಂತೆ. ಮಿದುಳಿಗೆ ಮತ್ತೆ ಕೇಳುವುದನ್ನು ಕಲಿಸಲು ತಿಂಗಳುಗಳು ಬೇಕೆಂದು ವೈದ್ಯರು ಹೇಳಿದ್ದು ನಿಜವಾಯಿತು. ಆದರೆ ಮೂರನೆಯ ದಿನವೇ ಕುಕ್ಕರಿನ ಸೀಟಿ ಕೇಳಿಸಿತು. ಸಾರು ಬೇಕೆಂದು ನಾವಾಗಿಯೇ ಕೇಳಿದೆವು. ಮಗ ಊರಿನಿಂದ ಬಂದ ರಾತ್ರಿ, ನಾವು ಅವನನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿದೆವು. ಮೊದಲು ಸಿಟ್ಟಾದ, ಆಮೇಲೆ ಸುಮ್ಮನಾದ, ಕಡೆಗೆ ಮಗಳ ಕೋಣೆಗೆ ಹೋಗಿ ಬಹಳ ಹೊತ್ತು ಕೂತ. ಒಳಗೆ ಏನು ಮಾತಾಯಿತೆಂದು ನಮಗೆ ಕೇಳಿಸಲಿಲ್ಲ. ಕೇಳಿಸಬೇಕಾದವರಿಗೆ ಕೇಳಿಸಿತು.

ಈಗ ಸಂಘದ ಬಂಧುಗಳಲ್ಲಿ ಒಂದು ಅರಿಕೆ. ಮುಂಬಯಿಯ ಕನ್ನಡಿಗರಲ್ಲಿ ಗಿರಣಿ, ಪ್ರೆಸ್ಸು, ಹೋಟೆಲಿನ ಭಟ್ಟಿಮನೆಗಳಲ್ಲಿ ದುಡಿದು ಕಿವಿ ಸವೆಸಿಕೊಂಡವರು ನಾವೊಬ್ಬರೇ ಅಲ್ಲ. ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟ ಹಿರಿಯರು ಮೊಣಕಾಲಿನ ಹೆಸರು ಹೇಳಿದರೆ ಒಮ್ಮೆ ಅವರ ಕಿವಿಯನ್ನು ವಿಚಾರಿಸಿರಿ. ಬರುವ ವಾರ್ಷಿಕೋತ್ಸವದಲ್ಲಿ ಮೊದಲನೆಯ ಸಾಲಿನ ಹತ್ತು ಕುರ್ಚಿಗಳನ್ನು ಕಿವಿ ಮಂದವಿದ್ದವರಿಗೆ ಬಿಡಿರಿ. ಸೋಫಾ ಬೇಡ, ಮಡಿಸುವ ಕುರ್ಚಿ ಸಾಕು. ಅತಿಥಿಗಳು ಎರಡನೆಯ ಸಾಲಿನಲ್ಲಿ ಕೂಡಲಿ. ಅವರು ಹೇಗೂ ಬೇಗ ಹೊರಡುವವರು. ಮಾತಾಡುವವರು ಮೈಕನ್ನು ತುಟಿಗೆ ಅಡ್ಡ ಹಿಡಿಯದೆ, ತುಸು ಕೆಳಗೆ ಹಿಡಿಯಲಿ. ಖರ್ಚು ಒಂದು ಕಾಸಿಲ್ಲ.

ಮನೆಯಲ್ಲಿ ಕೂಡ, ಅಜ್ಜ ಅಜ್ಜಿಯರು “ಆಂ?” ಎಂದರೆ “ಏನಿಲ್ಲ ಬಿಡ್ರಿ” ಎನ್ನಬೇಡಿರಿ. ಎದುರಿಗೆ ಬಂದು ಇನ್ನೊಮ್ಮೆ ಹೇಳಿರಿ. ಅಜ್ಜಂದಿರೇ, ಕೇಳಿಸದಿದ್ದರೆ ನಗಬೇಡಿರಿ. ಕೇಳಿಸಲಿಲ್ಲವೆಂದು ಹೇಳಿರಿ.

ವಾರ್ಷಿಕೋತ್ಸವಕ್ಕೆ ನಾವು ಬರುತ್ತೇವೆ. ನಮ್ಮ ಮೊಣಕಾಲು ಈಗ ಸಂಪೂರ್ಣ ಗುಣವಾಗಿದೆ.